ನನ್ನ ಜಳಕದ ಬಿಸಿನೀರು

ನನ್ನ ಹೆಂಡತಿಯ ಕೈಬೆರಳುಗಳ ಗಂಟುಗಳು ಬಾತುಕೊಳ್ಳಲು ಶುರುವಾದದ್ದು ನಾವು ಹಿರೇಕೆರೂರಿನಲ್ಲಿದ್ದಾಗ. ನಾನು ಮಾಮಲೇದಾರ ಕಚೇರಿಯಲ್ಲಿ ಕಾರಕೂನ. ಜಮೀನಿನ ತಕರಾರು ಬಂದರೆ ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುವುದು ನನ್ನ ಕೆಲಸ. ಯಾರಾದರೂ "ಮಂದಿ ಹಂಗಂತಾರ್ರಿ" ಎಂದು ಶುರುಮಾಡಿದರೆ ಬರೆಯುವ ಟಾಕು ಕೆಳಗಿಟ್ಟು, "ಮಂದಿ ಸುದ್ದಿ ಬ್ಯಾಡ, ನೀ ಕಂಡದ್ದು ಹೇಳು" ಎನ್ನುತ್ತಿದ್ದೆ. ಈ ಮಾತಿನಿಂದ ನನಗೆ ಬಹಳ ಹೆಸರು ಬಂದಿದೆಯೆಂದು ನಾನೊಬ್ಬನೇ ತಿಳಿದುಕೊಂಡಿದ್ದೆ.

ಅಲ್ಲಿಯ ವೈದ್ಯರ ಹತ್ತಿರ ಅವಳನ್ನು ಕರೆದುಕೊಂಡು ಹೋದೆ. "ಏನಾಗ್ತದ?" ಎಂದು ಅವರು ಕೇಳಿದ್ದು ಅವಳನ್ನು. ಉತ್ತರ ಕೊಟ್ಟವನು ನಾನು.

"ಸಂಜೀಕ ಕೈ ನೋಯ್ತಾವ್ರಿ. ಕೆಲಸ ಹೆಚ್ಚಾದ್ರ ನೋಯ್ತಾವ."

ಕಚೇರಿಯಿಂದ ಮರಳಿದಾಗ ಅವಳು ಕೈ ತಿಕ್ಕಿಕೊಳ್ಳುವುದನ್ನು ನಾನು ನೋಡಿದ್ದೆ. ನಾನು ನೋಡಿದ್ದು ಸಂಜೆಯಾದ್ದರಿಂದ ನೋವೂ ಸಂಜೆಯದೇ ಆಯಿತು. ದಣಿವು ಎಂದು ಅವರು ಎಣ್ಣೆ ಕೊಟ್ಟರು.

ಆಮೇಲೆ ಹಾನಗಲ್ಲಿಗೆ ವರ್ಗವಾಯಿತು. ಅಲ್ಲಿಯ ಡಾಕ್ಟರಿಗೂ ಅದೇ ಹೇಳಿಕೆ, ಅದೇ ಶಬ್ದಗಳಲ್ಲಿ ಕೊಟ್ಟೆ. ಅಷ್ಟಕ್ಕೆ ಬಿಡದೆ, ಅವಳು ಒಂದೇ ಬದಿಯಿಂದ ಅಗಿಯುತ್ತಾಳೆಂದೂ ಸೇರಿಸಿದೆ. ಹಲ್ಲಿನ ಕೀವು ಕೀಲುಗಳಿಗೆ ಇಳಿಯುತ್ತದೆಂದು ನಂಬುವ ಡಾಕ್ಟರುಗಳು ಆಗ ಇದ್ದರು. ಎರಡು ದವಡೆ ಹಲ್ಲು ಹೋದವು. ಬೆರಳುಗಳು ಇದ್ದ ಹಾಗೆಯೇ ಇದ್ದವು. ಮನೆಗೆ ಬರುವ ದಾರಿಯಲ್ಲಿ, ಅರಳೆ ಕಚ್ಚಿಕೊಂಡ ಬಾಯಿಂದಲೇ ಅವಳು, "ಮುಂದಿನ ಡಾಕ್ಟರ್ ಮುಂದ ನನ್ನ ಹಲ್ಲಿನ ಸುದ್ದಿ ತೆಗೀಬ್ಯಾಡ್ರಿ. ಉಳದವು ಬೇಕಾಗ್ಯಾವ" ಅಂದಳು. ನಾನು ನಕ್ಕೆ.

ಸವಣೂರಿಗೆ ಬರುವ ಹೊತ್ತಿಗೆ ಅವಳ ಎಡಗೈಯ ಎರಡು ಬೆರಳು ಕಿರುಬೆರಳಿನ ಕಡೆಗೆ ವಾಲಿದ್ದವು. ಬಳೆಗಾರ ಕೈ ಹಿಡಿದರೆ ಕಣ್ಣು ತುಂಬಿಕೊಳ್ಳುತ್ತಿದ್ದಳು. ಆದರೂ ಬಿಸಿಲು ಅಂಗಳಕ್ಕೆ ಇಳಿದ ಮೇಲೆ ನಾನು ಎದ್ದರೆ ಬಚ್ಚಲಲ್ಲಿ ನೀರು ಕಾದಿರುತ್ತಿತ್ತು. ಒಂದು ದಿನವೂ ತಪ್ಪಿದ್ದಿಲ್ಲ. "ಮನಿಗೆ ಶಿಸ್ತು ಕಲಿಸಿದ್ರ ಹಿಂಗ ಇರ್ತದ" ಎಂದು ಕಚೇರಿಯಲ್ಲಿ ಹೇಳಿಕೊಂಡಿದ್ದೇನೆ, ಒಂದಲ್ಲ, ಹಲವು ಸಲ.

ಕೀಲು ಬೇನೆಯನ್ನೇ ಓದಿಕೊಂಡ ಡಾಕ್ಟರೊಬ್ಬರು ಹುಬ್ಬಳ್ಳಿಯಲ್ಲಿದ್ದಾರೆಂದು ಕಚೇರಿಯ ಹಿರಿಯರೊಬ್ಬರು ಹೇಳಿದರು. ಬರೀ ಕೀಲಿಗೆ ಒಬ್ಬ ಡಾಕ್ಟರ್ ಇರುತ್ತಾನೆಂಬುದೇ ನನಗೆ ಹೊಸತು. ಯಲವಿಗಿಯವರೆಗೆ ಟಾಂಗಾ, ಅಲ್ಲಿಂದ ರೈಲು. ರೈಲಿನಲ್ಲಿ ನನ್ನ ಹೇಳಿಕೆಯನ್ನು ಮನಸ್ಸಿನಲ್ಲೇ ತಿದ್ದಿ ಚೊಕ್ಕ ಮಾಡಿಕೊಂಡೆ.

"ಏನಾಗ್ತದ, ತಂಗಿ?" ಡಾಕ್ಟರ್ ಕೇಳಿದರು.

"ಸಂಜೀಕ ರೀ..." ಎಂದೆ ನಾನು.

"ನಿಮ್ಮ ಕೈನೂ ನೋಯ್ತಾವೇನ್ರಿ?"

"ನನ್ನವಲ್ರಿ, ಈಕಿವು."

"ಹಂಗಾರ ನೀವು ಹೊರಗ ಕುಂದರ್ರಿ."

ಹೊರಗೆಂದರೆ ಒಂದು ಬಟ್ಟೆಯ ಪರದೆಯ ಆಚೆ, ಕೂಡುವ ಮರದ ಬಾಕಿನ ಮೇಲೆ. ಎಲ್ಲ ಕೇಳುತ್ತಿತ್ತು.

"ಯಾವಾಗ ಭಾಳ ತ್ರಾಸು?"

"ಮುಂಜಾನೆ ರೀ. ಎದ್ದಕೂಡ್ಲೆ ಮುಷ್ಟಿ ಮಾಡಾಕ ಬರೂದಿಲ್ಲ. ನೀರು ಕಾಸಿ ಅದರಾಗ ಕೈ ಇಟಗೊಂಡು ಕುಂದರ್ತೇನಿ. ಬಿಸಲು ಬೀಳೂತನಾ ಬೆರಳು ಬಿಡೂದಿಲ್ರಿ."

"ಯಾವಾಗಿಂದ?"

"ಹಿರೇಕೆರೂರಾಗ ಇದ್ದಾಗಿಂದ ರೀ."

"ಮನ್ಯಾಗ ಹೇಳಿಲ್ಲೇನು?"

"ಇವರು ಏಳೂದ್ರಾಗ ಮುಗದಿರ್ತದ್ರಿ. ಹಂಡೇದಾಗ ಉಳದ ನೀರು ಇವರ ಜಳಕಕ್ಕ ಆಗ್ತದ."

ನಾನು ಬಾಕಿನ ಮೇಲೆ ಕುಳಿತೇ ಇದ್ದೆ. ಎದುರಿನ ಗೋಡೆಯಲ್ಲಿ ಒಂದು ಮೊಳೆ ಇತ್ತು, ಅದರಲ್ಲಿ ಏನೂ ತೂಗುಹಾಕಿರಲಿಲ್ಲ. ಇದು ಈಗಲೂ ನೆನಪಿದೆ.

ಒಳಗೆ ಕರೆದು ಡಾಕ್ಟರ್ ತಿಳಿಸಿದರು. ಇದು ದುಡಿತದ ನೋವಲ್ಲ. ಮೈಯೇ ತನ್ನ ಕೀಲುಗಳ ಮೇಲೆ ಏರಿ ಹೋಗುವ ಬೇನೆ. ಮುಂಜಾನೆ ಬಹಳ ಹೊತ್ತು ಬಿಗಿತವಿದ್ದರೆ ಮೊದಲು ಇದರ ಮೇಲೆಯೇ ಸಂಶಯಪಡಬೇಕು. "ಇದನ್ನ ಮೊದಲಽ ಯಾರಾದ್ರೂ..." ಎಂದು ಶುರುಮಾಡಿದವರು ನನ್ನ ಮುಖ ನೋಡಿ ಮಾತು ಬದಲಿಸಿದರು. "ಬಾಗಿದ ಎರಡು ತಿರುಗಿ ನೆಟ್ಟಗಾಗೂದಿಲ್ಲ. ಉಳದವು ಉಳಿಸಾಕ ನೋಡೂಣು."

"ಉಳದವು ಬೇಕಾಗ್ಯಾವ್ರಿ" ಅಂದಳು ಅವಳು. ಈ ಸಲ ನಾನು ನಗಲಿಲ್ಲ.

ಗುಳಿಗೆ ಕೊಟ್ಟರು, ತಿಂಗಳಿಗೊಮ್ಮೆ ಬರಲು ಹೇಳಿದರು. ಮರುದಿನ ನಾನು ಅವಳಿಗಿಂತ ಮೊದಲು ಎದ್ದು ಬಚ್ಚಲ ಒಲೆ ಹೊತ್ತಿಸಲು ಕುಳಿತೆ. ಮನೆಯೆಲ್ಲ ಹೊಗೆಯಾಯಿತು, ಬೆಂಕಿ ಮಾತ್ರ ಆಗಲಿಲ್ಲ. ಅವಳು ಬಾಗಿಲಲ್ಲಿ ನಿಂತು ಕೆಮ್ಮುತ್ತ, "ಅವು ಹಸೀ ಕಟಗಿ. ಒಣಾವು ಮೂಲ್ಯಾಗ ಅದಾವ ನೋಡ್ರಿ" ಅಂದಳು. ಕಡೆಗೆ ನೀರು ಕಾಯಿತು. ಅವಳು ಕೈ ಇಟ್ಟು ಕುಳಿತಳು. ನಾನು ಎದುರಿಗೆ ಕುಳಿತು ನೋಡಿದೆ. ಹೆಬ್ಬೆರಳು ಮೊದಲು ಬಿಟ್ಟಿತು, ತೋರುಬೆರಳು ಎಲ್ಲಕ್ಕಿಂತ ಕಡೆಗೆ. ಇಷ್ಟು ಹೊತ್ತು ಹಿಡಿಯುತ್ತದೆಂದು ನಾನು ಎಣಿಸಿರಲಿಲ್ಲ. ಗಡಿಯಾರ ನೋಡಿ ಹಾಳೆಯಲ್ಲಿ ಬರೆದಿಟ್ಟೆ. ಹಾಗೆ ದಿನವೂ ಬರೆದೆ.

ಮುಂದಿನ ತಿಂಗಳು ಆ ಹಾಳೆಗಳನ್ನು ಅವಳ ಕೈಗೆ ಕೊಟ್ಟು, ಯಾರೂ ಹೇಳುವ ಮೊದಲೇ ಹೋಗಿ ಬಾಕಿನ ಮೇಲೆ ಕುಳಿತೆ. ಪರದೆಯ ಆಚೆ ಹಾಳೆ ತಿರುವಿದ ಸಪ್ಪಳ ಕೇಳಿಸಿತು.

"ಅಕ್ಷರ ಛಲೋ ಅದಾವಲ್ಲ" ಅಂದರು ಡಾಕ್ಟರ್.

"ಅಕ್ಷರ ಮೊದಲಿಂದನೂ ಛಲೋನಽ ಅದಾವ್ರಿ" ಅಂದಳು ನನ್ನ ಹೆಂಡತಿ.