ನಾನು ನೋಡದೆ ವರ್ಣಿಸಿದ ಚಿಲುಮೆ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವನು ನಾನು. ನಮ್ಮೂರಿನ ಒಬ್ಬರು, ತೀರಿಹೋದ ತಮ್ಮ ಮಾವ ಬಂದು ಎತ್ತುಗಳಿಗೆ ಹುಲ್ಲು ಹಾಕಿ ಹೋದರೆಂದು ಹೇಳಿದಾಗ, "ಹಾಗೇ ಸಗಣೀನೂ ಬಾಚಿಟ್ಟು ಹೋಗಿ ಅನ್ನಬಾರದಿತ್ತಾ?" ಎಂದು ಎಲ್ಲರೆದುರು ಗೇಲಿ ಮಾಡಿದ್ದೆ. ಈಗ ನನ್ನ ಮಾತಿಗೆ ನೀವು ನಕ್ಕರೆ ನನಗೆ ಬೇಸರವಿಲ್ಲ. ಆದರೆ ಈ ಕಥೆಯಲ್ಲಿ ವಿಚಿತ್ರದ ಭಾಗಕ್ಕಿಂತ ಮೊದಲು ನಾಚಿಕೆಗೇಡಿನ ಭಾಗವೊಂದಿದೆ. ಅದನ್ನಾದರೂ ಪೂರ್ತಿ ನಂಬಿ. ಅದು ನಾನೇ ಮಾಡಿದ್ದು.

ನಮ್ಮದು ದಿಬ್ಬೂರಹಳ್ಳಿ ಕಡೆಯ ಊರು. ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕಣೆ, ಅದೇ ನಮ್ಮ ಕಸುಬು. ಮದುವೆಯಾದ ಎರಡನೇ ವರ್ಷ ನನ್ನ ಹೆಂಡತಿ ರತ್ನಮ್ಮನಿಗೆ ಮೊದಲ ಹೆರಿಗೆಯಾಯಿತು. ಮಗು ಚೆನ್ನಾಗಿತ್ತು, ತಾಯಿಗೆ ಮಾತ್ರ ಮೈ ಸುಡುವ ಜ್ವರ. ಡಾಕ್ಟರು ದಿನಾ ಇಂಜೆಕ್ಷನ್ ಕೊಡುತ್ತಿದ್ದರು. ಅದರ ಮೇಲೆ ನಮ್ಮಮ್ಮ ಒಂದು ಹರಕೆ ಹೊತ್ತಳು. ಸೀಗೇಬೆಟ್ಟದ ಮೇಲಿರುವ ಚಿಲುಮೆಯ ನೀರನ್ನು ಗಂಡನಾದವನು ಬರಿಗಾಲಲ್ಲಿ ನಡೆದುಹೋಗಿ ತರಬೇಕು, ತಂಬಿಗೆಯನ್ನು ದಾರಿಯಲ್ಲಿ ಎಲ್ಲೂ ನೆಲಕ್ಕೆ ಇಡಬಾರದು. ಆ ಚಿಲುಮೆಯನ್ನು ಅಮ್ಮನೂ ಕಂಡವಳಲ್ಲ. ಅಲ್ಲಿ ಒಳ್ಳೆಯ ನೀರಿದೆ ಎಂದು ಅವಳ ತವರಿನವರು ಹೇಳಿದ್ದನ್ನು ಕೇಳಿದ್ದಳು, ಅಷ್ಟೆ.

ಬೆಳಗ್ಗೆಯೇ ಹೊರಟೆ. ಬೆಟ್ಟ ಏಳೆಂಟು ಮೈಲಿ. ಬೇಸಿಗೆ. ಒಂದು ಮೈಲಿ ನಡೆಯುವಷ್ಟರಲ್ಲಿ ಚಿಂತಾಮಣಿಯ ಬಸ್ಸು ಬಂತು. ನಾನು ಕೈ ಅಡ್ಡ ಹಾಕಲಿಲ್ಲ, ಅದೇ ನಿಂತಿತು. ಹತ್ತಿಬಿಟ್ಟೆ. ಚಿಂತಾಮಣಿಯಲ್ಲಿ ಮ್ಯಾಟಿನಿ ನೋಡಿದೆ. ಆಮೇಲೆ ಟಾಕೀಸಿನ ಸೈಕಲ್ ಸ್ಟ್ಯಾಂಡಿನ ಪಕ್ಕದ ನಲ್ಲಿಯಲ್ಲಿ ತಂಬಿಗೆ ತುಂಬಿಸಿದೆ. ಹೆಂಡತಿ ಜ್ವರದಲ್ಲಿ ನರಳುತ್ತಿದ್ದಾಗ ಇಂಟರ್‌ವಲ್‌ನಲ್ಲಿ ಕಡಲೆಕಾಯಿ ತಿಂದ ಗಂಡ ನಾನು. ಹರಕೆಗೆ ಅಂಜಿ ತಂಬಿಗೆಯನ್ನು ಮಾತ್ರ ನೆಲಕ್ಕಿಡಲಿಲ್ಲ. ಸಿನಿಮಾ ಮುಗಿಯುವವರೆಗೂ ತೊಡೆಯ ಮೇಲೇ ಇಟ್ಟುಕೊಂಡಿದ್ದೆ.

ಮನೆಗೆ ಬಂದರೆ ಅಮ್ಮನ ಪ್ರಶ್ನೆಗಳು. ಹೇಗಿತ್ತು? ಬಂಡೆಯಲ್ಲಿ ಮೆಟ್ಟಿಲು ಕಡಿದಿದ್ದಾರೆ ಎಂದೆ. ಎಷ್ಟು? ಕೈಬೆರಳು ನೋಡಿಕೊಂಡು ಐದು ಎಂದೆ. ಸುಳ್ಳಿಗೆ ಸ್ವಲ್ಪ ದೋಷವಿದ್ದರೆ ನಂಬಿಕೆ ಬರುತ್ತದೆಂದು, ಮೂರನೆಯದು ಬಿರುಕು ಬಿಟ್ಟಿದೆ ಎಂದು ಸೇರಿಸಿದೆ. ನೀರಿನ ಮೇಲೆ ಒಂದು ಹೊಂಗೆಮರ, ಬಿದ್ದುಹೋದ ಎಲೆಅಡಿಕೆ ಚೀಲ ಹುಡುಕುವ ಮುದುಕನ ಹಾಗೆ ಬಗ್ಗಿದೆ ಎಂದೆ. ನೀರು ಎಳನೀರಿನ ಹಾಗಿತ್ತು ಎಂದೆ. ಅಷ್ಟರಲ್ಲಿ ಅಮ್ಮ ನನ್ನ ಅಂಗಿಯ ಜೇಬಿನಿಂದ ಕಡಲೆಕಾಯಿ ಸಿಪ್ಪೆ ತೆಗೆದು, "ಇದೆಲ್ಲಿಂದ ಬಂತಪ್ಪ?" ಎಂದಳು. ಮೇಕೆ ಕಾಯುವ ಮುದುಕಿಯೊಬ್ಬಳು ಅಲ್ಲಿದ್ದಳು, ಪಾಪ ಅಂತ ಒಂದು ಹಿಡಿ ಕೊಟ್ಟಳು ಎಂದೆ. ಅಮ್ಮ ಆ ಮುದುಕಿ ಇದ್ದ ದಿಕ್ಕಿಗೆ ಕೈಮುಗಿದಳು. ಸಿಪ್ಪೆಯನ್ನು ಒಲೆಗೆ ಹಾಕಿದಳು.

ಮೂರನೇ ದಿನಕ್ಕೆ ಜ್ವರ ಬಿಟ್ಟಿತು. ಡಾಕ್ಟರನ್ನು ಯಾರೂ ನೆನೆಯಲಿಲ್ಲ.

ಆ ಒಂದು ತಂಬಿಗೆ ನಲ್ಲಿ ನೀರಿನ ಮೇಲೆ ನಾನು ನಲವತ್ತು ವರ್ಷ ಸಂಸಾರ ಮಾಡಿದೆ. ಇಸ್ಪೀಟಿಗೆ ಕೂತು ಮನೆ ಮರೆತೆ, ಹಬ್ಬದ ದಿನವೇ ಜಗಳ ತೆಗೆದೆ. ಎಲ್ಲದಕ್ಕೂ ರತ್ನಮ್ಮನದು ಒಂದೇ ಮಾತು: "ಹೋಗ್ಲಿ ಬಿಡಿ, ನನಗೋಸ್ಕರ ಬರಿಗಾಲಲ್ಲಿ ಬೆಟ್ಟ ಹತ್ತಿದ ಮನುಷ್ಯ." ಈ ಮಾತು ಕೇಳಿದಾಗಲೆಲ್ಲ ಅಂಗಾಲಿನಲ್ಲಿ ಒಂದು ಥರ ಕಡಿತವಾಗುತ್ತಿತ್ತು. ಆ ಚಿಲುಮೆ ನೋಡಬೇಕೆಂದು ಅವಳು ಆಗಾಗ ಕೇಳುತ್ತಿದ್ದಳು. "ಹುಳು ಯಾರು ನೋಡ್ಕೋತಾರೆ?" ಎಂದರೆ ಮುಗಿಯಿತು. ಹುಳುಮನೆಯಲ್ಲಿ ದಿನಕ್ಕೆ ಮೂರು ಸಲ ಸೊಪ್ಪು ಹಾಕಬೇಕು. ಹುಳುಗಳು ನನ್ನ ಮಾನ ಕಾಯುತ್ತಿದ್ದವು.

ಹೋದ ವರ್ಷ ಅವಳ ಮಂಡಿ ಕೈಕೊಟ್ಟಿತು. ಆಪರೇಷನ್ ಆಗಬೇಕು, ಆಮೇಲೆ ಬೆಟ್ಟ ಗುಡ್ಡ ಹತ್ತುವ ಆಸೆ ಬಿಡಿ ಎಂದು ಡಾಕ್ಟರು ಹೇಳಿದರು. ಮನೆಗೆ ಬಂದವಳೇ, "ರೀ, ಅದಕ್ಕೆ ಮುಂಚೆ ನನ್ನ ಜೀವ ಉಳಿಸಿದ ಆ ನೀರು ನೋಡ್ಕೊಂಡು ಬರ್ಬೇಕು. ಈಗ ಇಲ್ದಿದ್ರೆ ಇನ್ನಿಲ್ಲ" ಎಂದಳು. ಬೇಡ ಎನ್ನಲು ಬಾಯಿ ಬರಲಿಲ್ಲ. ಆದರೆ ಅಲ್ಲಿಗೆ ಹೋದರೆ ಮೆಟ್ಟಿಲಿಲ್ಲ, ಮರವಿಲ್ಲ. ತನ್ನ ಗಂಡ ಎಂಥವನೆಂದು ಈ ವಯಸ್ಸಿನಲ್ಲಿ ಅವಳಿಗೆ ಗೊತ್ತಾಗುತ್ತದೆ. ಅವಳು ಬೈದರೆ ತಡೆದುಕೊಳ್ಳಬಹುದಿತ್ತು. ಬೈಯದೆ ಸುಮ್ಮನಾಗಿಬಿಟ್ಟರೆ ಏನು ಗತಿ ಎಂಬುದೇ ನನ್ನ ಭಯ.

ಹಳೆಯ ಬಾಣ ಬಿಟ್ಟೆ, "ಹುಳು ಯಾರು ನೋಡ್ಕೋತಾರೆ?"

ಉತ್ತರ ಕೊಟ್ಟವನು ರತ್ನಮ್ಮನ ತಮ್ಮ ಮುನಿಕೃಷ್ಣ. ಬಸ್ ಕಂಡಕ್ಟರ್ ಆಗಿದ್ದವನು. ನಿವೃತ್ತಿಯಾದ ಮೇಲೆ ಶಿಡ್ಲಘಟ್ಟದಲ್ಲಿ ದಿನಾ ಬೆಳಗ್ಗೆ ಟೋಪಿ ಹಾಕಿಕೊಂಡು ವಾಕಿಂಗ್ ಹೋಗಿ, ಎಷ್ಟು ಹೆಜ್ಜೆ ಇಟ್ಟೆನೆಂದು ಫೋನಿನಲ್ಲಿ ಎಲ್ಲರಿಗೂ ತೋರಿಸುತ್ತಾನೆ. "ಭಾವ, ಹುಳ ಮೂರನೇ ಜ್ವರಕ್ಕೆ ಕೂತಾಗ ಹೋಗಣ. ಆವತ್ತು ಅವು ಸೊಪ್ಪು ಮುಟ್ಟಲ್ಲವಲ್ಲ!" ಎಂದ. ಹುಳುಗಳು ಪೊರೆ ಬಿಡುವ ಮೊದಲು ಒಂದು ದಿನ ತಿನ್ನದೆ, ಅಲ್ಲಾಡದೆ ಮಲಗುತ್ತವೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ನಲವತ್ತು ವರ್ಷ ಹುಳು ಸಾಕಿದವನು ಈ ತೂತನ್ನು ಮೊದಲೇ ಮುಚ್ಚಿಕೊಳ್ಳಬೇಕಿತ್ತು.

"ನನಗೆ ದಾರಿ ಮರೆತುಹೋಗಿದೆ ಕಣೋ" ಎಂದೆ.

"ಅಕ್ಕಾ, ಕೇಳಿಸ್ಕೊಂಡ್ಯಾ? ಯಾವ ಮೆಟ್ಲು ಬಿರುಕು ಬಿಟ್ಟೈತೆ ಅಂತ ನೆನಪೈತಂತೆ, ದಾರಿ ಮರೆತೋಯ್ತಂತೆ!"

"ಕರಡಿ ಇದಾವೆ."

"ಇರ್ಲಿ ಬಿಡಿ ಭಾವ. ಹುಣ್ಣಿಮೆ ದಿನ ಜನ ತುಂಬಿದ ಕೈವಾರದ ಬಸ್ಸಲ್ಲಿ ಟಿಕೆಟ್ ಹರಿದಿರೋನು ನಾನು. ಕರಡಿ ಯಾವ ಮಹಾ!"

ಬೆಟ್ಟದ ಬುಡದವರೆಗೆ ಆಟೋ, ಅಲ್ಲಿಂದ ನಡಿಗೆ ಎಂದು ತೀರ್ಮಾನವಾಯಿತು. ರತ್ನಮ್ಮ ಹಳೆಯ ತಂಬಿಗೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಚಿತ್ರಾನ್ನಕ್ಕೆ ನಿಂಬೆಹಣ್ಣು ತರಿಸಿದಳು. ಹಿಂದಿನ ಸಂಜೆ ನಾನು ಕಳ್ಳನ ಹಾಗೆ ಹುಳುಮನೆಗೆ ಹೋಗಿ, ಎಳೆಯ ಸೊಪ್ಪನ್ನು ಹುಳುಗಳ ಮೂತಿಗೆ ಹಿಡಿದು, "ತಿನ್ರಪ್ಪ, ಒಂದು ಬಾಯಿ ತಿನ್ರಿ" ಎಂದು ಬೇಡಿಕೊಂಡೆ. ಒಂದೂ ಅಲ್ಲಾಡಲಿಲ್ಲ. ಎಲ್ಲವೂ ತಲೆ ಎತ್ತಿಕೊಂಡು ಜಪಕ್ಕೆ ಕೂತಂತೆ ಕೂತಿದ್ದವು. ಅಷ್ಟು ಅಚ್ಚುಕಟ್ಟಾಗಿ ಒಟ್ಟಿಗೇ ಮಲಗಿದ ಬೆಳೆಯನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ.

ಬೆಟ್ಟದ ಬುಡದಲ್ಲಿ ರತ್ನಮ್ಮ ಚಪ್ಪಲಿ ಬಿಟ್ಟಳು. ಎಷ್ಟು ಹೇಳಿದರೂ ಕೇಳಲಿಲ್ಲ. ಅವಳು ಬಿಟ್ಟ ಮೇಲೆ ನಾನು ಹೇಗೆ ಹಾಕಿಕೊಳ್ಳಲಿ? ಅಲ್ಲಿ ದಾರಿ ಎರಡಾಗಿತ್ತು. ಬಲಕ್ಕೆ ದನ ಓಡಾಡಿದ ಹಸನಾದ ದಾರಿ, ಎಡಕ್ಕೆ ಲಂಟಾನ ಮುಚ್ಚಿದ ಕಿರುದಾರಿ. ನಾನು ಬೇಕೆಂದೇ ಎಡಕ್ಕೆ ತಿರುಗಿದೆ. ಅರ್ಧ ಗಂಟೆ ಮುಳ್ಳಲ್ಲಿ ಸುತ್ತಿಸಿ, ದಾರಿ ಮುಚ್ಚಿಹೋಗಿದೆ ಎಂದು ವಾಪಸ್ ಕರೆದುಕೊಂಡು ಬರುವುದು ನನ್ನ ಹಂಚಿಕೆ. ಹಿಂದೆ ಕೋಲೂರಿಕೊಂಡು ಬರುತ್ತಿದ್ದ ರತ್ನಮ್ಮ, "ಆವಾಗ ಇನ್ನೂ ಎಷ್ಟು ಮುಳ್ಳಿತ್ತೋ, ಪಾಪ" ಎನ್ನುತ್ತಿದ್ದಳು. ಮುನಿಕೃಷ್ಣ ಹೆಜ್ಜೆ ಎಣಿಸುತ್ತಿದ್ದ. ಒಂದು ತಿರುವಿನಲ್ಲಿ ನಾನು ನಿಂತು, ಮುಖ ಸಣ್ಣಗೆ ಮಾಡಿಕೊಂಡು, "ಇನ್ನು ದಾರಿ ಇಲ್ಲ" ಎಂದು ಹೇಳಲು ಹಿಂದೆ ತಿರುಗಿದೆ. ಅವರಿಬ್ಬರೂ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಹೆಗಲ ಮೇಲಿಂದ ಆಚೆ ನೋಡುತ್ತಿದ್ದರು.

ಬಂಡೆಯಲ್ಲಿ ಕಡಿದ ಮೆಟ್ಟಿಲು. ಐದು. ಮೂರನೆಯದು ಅಡ್ಡಕ್ಕೆ ಬಿರುಕು ಬಿಟ್ಟಿತ್ತು. ಕೆಳಗೆ ಒಂದು ಹೊಂಡ. ನೀರು ಎಷ್ಟು ತಿಳಿಯೆಂದರೆ, ತಳದಲ್ಲಿ ಒರತೆಯ ಜೊತೆ ಕುಣಿಯುವ ಮರಳು ಕಾಣುತ್ತಿತ್ತು. ಅದರ ಮೇಲೆ ಬಗ್ಗಿದ ಹೊಂಗೆಮರ. ಅದನ್ನು ಇನ್ನೊಮ್ಮೆ ವರ್ಣಿಸಲು ನನಗೆ ಧೈರ್ಯ ಸಾಲದು. ಹೇಳಿದ ಹಾಗೇ ಇತ್ತು.

ರತ್ನಮ್ಮ ಒಂದೊಂದೇ ಮೆಟ್ಟಿಲಿಗೆ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಇಳಿದು, ತಂಬಿಗೆ ತುಂಬಿ, ಮೊದಲು ನನಗೇ ಕೊಟ್ಟಳು. ಕುಡಿದೆ. ತಣ್ಣಗಿತ್ತು, ಚೆನ್ನಾಗಿತ್ತು, ಆದರೆ ನೀರಿನ ಹಾಗಿತ್ತು. ನಾನು ಹೇಳಿದ್ದರಲ್ಲಿ ಒಂದಾದರೂ ಹೊಂದಲಿಲ್ಲವಲ್ಲ ಎಂದು, ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. "ನೋಡೇ, ಎಳನೀರಿನ ಹಾಗಿಲ್ಲ!" ಎಂದು ಕೂಗಿದೆ.

ಅವಳು ಕುಡಿದು ನೋಡಿದಳು. "ಎಳನೀರಿನ ಹಾಗೇ ಇದೆ ಕಣ್ರೀ. ನಿಮಗೆ ಸಕ್ಕರೆ ಕಾಯಿಲೆ ಬಂದಮೇಲೆ ನಾಲಿಗೆ ಸತ್ತೋಗಿದೆ."

"ಎಳನೀರೇ ಭಾವ," ಎಂದ ಮುನಿಕೃಷ್ಣ, ಬಾಯಿ ಒರೆಸಿಕೊಂಡು.

ಅಷ್ಟರಲ್ಲಿ ಮೇಲಿನ ಬಂಡೆಯ ಹಿಂದಿನಿಂದ ಮೇಕೆಗಳು ಬಂದವು. ಹಿಂದೆ ಅರವತ್ತು ದಾಟಿದ ಒಬ್ಬ ಹೆಂಗಸು. ರತ್ನಮ್ಮ ಬಿಡುತ್ತಾಳೆಯೇ? "ಇಲ್ಲಿ ಮುಂಚೆ ಒಬ್ಬರು ಅಜ್ಜಿ ಮೇಕೆ ಕಾಯ್ತಿದ್ರಂತಲ್ಲಮ್ಮ" ಎಂದು ಕೇಳಿದಳು.

"ಮಾ ಅತ್ತ," ಎಂದು ತೆಲುಗಿನಲ್ಲಿ ಶುರು ಮಾಡಿ ಕನ್ನಡಕ್ಕೆ ಬಂದಳು ಆಕೆ. "ನಮ್ಮತ್ತೆ ಕಣಮ್ಮ. ಸತ್ತೋಗಿ ಶಾನೆ ವರ್ಷ ಆಯ್ತು. ಯಾಕೆ?"

"ಇವರು ಆವಾಗ ಒಂದ್ಸಲ ಬಂದಿದ್ರು, ಅವರನ್ನ ನೋಡಿದ್ರಂತೆ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ತಂಬಿಗೆ ಹಿಡ್ಕೊಂಡು ಬಂದಿದ್ದ ಹುಡುಗನಾ? ಹೆಂಡ್ತಿಗೆ ಜ್ವರ ಅಂದಿದ್ದನಲ್ಲ, ಅವನಾ? ನಮ್ಮತ್ತೆ ಸಾಯೋಗಂಟ ಹೇಳ್ತಿದ್ಲು. ಕಡಲೆಕಾಯಿ ಕೊಟ್ರೆ ಸಿಪ್ಪೆ ನೀರತ್ರ ಬಿಸಾಕ್ಲಿಲ್ಲ, ಜೇಬಿಗೆ ಹಾಕ್ಕೊಂಡ, ಅಷ್ಟು ಒಳ್ಳೆ ಹುಡುಗ ಅಂತ. ಆ ಹೆಂಡ್ತಿ ಉಳಿದ್ಲಾ?"

"ನಾನೇ ಕಣಮ್ಮ ಆ ಹೆಂಡ್ತಿ," ಎಂದು ರತ್ನಮ್ಮ ಆಕೆಯ ಕೈ ಹಿಡಿದುಕೊಂಡು ಅತ್ತಳು.

ಸಿಪ್ಪೆಯ ವಿಷಯ ಹೆಂಡತಿಗೆ ಗೊತ್ತಿರಲಿಲ್ಲ. ಅದನ್ನು ಕಂಡವಳು ನಮ್ಮಮ್ಮ ಒಬ್ಬಳೇ. ಅವಳು ತೀರಿಕೊಂಡು ಮೂವತ್ತು ವರ್ಷ. ನನ್ನಿಂದ ಇನ್ನು ತಡೆಯಲಾಗಲಿಲ್ಲ. ಬಿರುಕು ಬಿಟ್ಟ ಮೆಟ್ಟಿಲ ಮೇಲೆ ಕುಸಿದು ಕೂತು, "ರತ್ನಾ, ನಾನು ಇಲ್ಲಿಗೆ ಬಂದೇ ಇಲ್ಲ ಕಣೇ. ಆವತ್ತು ಚಿಂತಾಮಣೀಲಿ ಸಿನಿಮಾ ನೋಡ್ತಾ ಕೂತಿದ್ದೆ. ನೀನು ಕುಡಿದಿದ್ದು ನಲ್ಲಿ ನೀರು" ಎಂದುಬಿಟ್ಟೆ.

ಮೇಕೆಯವಳು, "ಬಿಸಿಲು ಹತ್ತೈತೆ, ತಲೆಗೆ ನೀರು ತಟ್ಟಿ" ಎಂದಳು. ತಟ್ಟಿದರು. ವಾಪಸ್ ಬರುವಾಗ ದಾರಿಯುದ್ದಕ್ಕೂ ಮುನಿಕೃಷ್ಣ ನನ್ನ ತೋಳು ಹಿಡಿದುಕೊಂಡಿದ್ದ. ಮಂಡಿ ನೋವಿನ ಅಕ್ಕನನ್ನು ಬಿಟ್ಟು ನನ್ನನ್ನು ಹಿಡಿದಿದ್ದ! ಆಟೋದಲ್ಲಿ ಪಿಸುಗುಟ್ಟಿದ, "ಭಾವ, ಮರೆವಿಗೆ ಈಗ ಒಳ್ಳೆ ಮಾತ್ರೆ ಬಂದಿದಾವೆ."

ನಾನೂ ಕೂತು ಬೇಕಾದಷ್ಟು ಯೋಚಿಸಿದ್ದೇನೆ. ಚಿಕ್ಕಂದಿನಲ್ಲಿ ಯಾರೋ ಆ ಜಾಗವನ್ನು ವರ್ಣಿಸಿದ್ದು ತಲೆಯಲ್ಲಿ ಉಳಿದಿರಬಹುದು. ಮೆಟ್ಟಿಲಿಗೂ ಮರಕ್ಕೂ ಆ ಸಮಾಧಾನ ಸಾಕು. ಸಿಪ್ಪೆಗೆ ಸಾಲದು. ನಿಜವಾಗಿಯೂ ನಾನೇ ಹೋಗಿದ್ದು ಮರೆತಿದ್ದೇನೆಯೇ ಎಂದರೆ, ಆ ಸಿನಿಮಾದ ಹಾಡುಗಳು ಇವತ್ತಿಗೂ ಸಾಲುಸಾಲಾಗಿ ಬಾಯಿಗೆ ಬರುತ್ತವೆ.

ಮರುದಿನ ಬೆಳಗ್ಗೆ ಹುಳುಗಳು ಎದ್ದಿದ್ದವು. ರತ್ನಮ್ಮ ಸ್ಟೂಲಿನ ಮೇಲೆ ಕೂತು ಸೊಪ್ಪು ಹರಡುತ್ತಿದ್ದಳು, ನಾನು ಆ ಕಡೆ. ತಣ್ಣನೆಯ ಹೊತ್ತು, ಬಿಸಿಲಿನ ನೆಪವಿಲ್ಲ. ಮತ್ತೆ ಮೊದಲಿಂದ ಹೇಳಿದೆ. ಬಸ್ಸು ನಿಂತದ್ದು, ಟಿಕೆಟ್ಟಿಗೆ ನೂಕುನುಗ್ಗಲು, ಸೈಕಲ್ ಸ್ಟ್ಯಾಂಡಿನ ನಲ್ಲಿ, ಯಾವುದನ್ನೂ ಬಿಡಲಿಲ್ಲ. ತಪ್ಪಾಯಿತು ಎಂದೆ. ಅವಳು ಕೈ ನಿಲ್ಲಿಸದೆ ಪೂರ್ತಿ ಕೇಳಿಸಿಕೊಂಡಳು. ಈ ಸಲ ನಂಬಿದಳೆಂದೇ ನನಗನ್ನಿಸಿತು. ಆಮೇಲೆ ತಲೆ ಎತ್ತಿದಳು.

"ಸರಿ ರೀ, ನೀವು ಹೋಗಿಲ್ಲ ಅಂತಲೇ ಇಟ್ಕೊಳ್ಳಣ," ಎಂದಳು. "ಹಾಗಾದ್ರೆ ನನಗೋಸ್ಕರ ಅಲ್ಲಿಗೆ ಹೋಗಿದ್ದು ಯಾರು?"

ನಾನು ಕೈಯಲ್ಲಿದ್ದ ಸೊಪ್ಪನ್ನು ಮತ್ತೆ ಬುಟ್ಟಿಗೇ ಹಾಕಿದೆ.

"ಗೊತ್ತಾದಾಗ ಹೇಳಿ. ಈಗ ಆ ಮೂಲೆಗೆ ಸೊಪ್ಪು ಹಾಕಿ, ಹುಳ ಹಸ್ಕೊಂಡಿದಾವೆ."

ಹಾಕಿದೆ. ಅವಳಿಗೆ ಹೇಳಬೇಕಾದ ಉತ್ತರ ಇವತ್ತಿನವರೆಗೂ ಗೊತ್ತಾಗಿಲ್ಲ.