ಪೈರನ್ನು ಎವೆಯಿಕ್ಕದೆ ನೋಡುತ್ತಿದ್ದ ಪೆಟ್ಟಿಗೆ

ಜಾವಗಲ್ಲಿನ ಹತ್ತಿರದ ಒಂದು ರಾಗಿ ಹೊಲದಲ್ಲಿ ನಿಂತು ನಾನು ಒಂದು ಪೆಟ್ಟಿಗೆಯ ಪರವಾಗಿ ಜಂಬ ಕೊಚ್ಚಿದೆ. ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನದಲ್ಲೇ ಇಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಕೃಷಿ ಬಿ.ಎಸ್ಸಿ. ಮುಗಿಸಿ ಅರಸೀಕೆರೆಯಲ್ಲಿ ನೊಣ ಹೊಡೆಯುತ್ತಿದ್ದ ನನಗೆ ಒಂದು ಸಂಶೋಧನೆಯಲ್ಲಿ ಹಂಗಾಮಿ ಕೆಲಸ ಸಿಕ್ಕಿತ್ತು. ಹೊಲದ ನಡುವೆ ಕಬ್ಬಿಣದ ಕಂಬ, ಕಂಬಕ್ಕೊಂದು ತೋಳು, ತೋಳಿನ ತುದಿಗೆ ಟಿಫನ್ ಬಾಕ್ಸಿನಷ್ಟು ದೊಡ್ಡ ಪೆಟ್ಟಿಗೆ. ಅದು ಕೆಳಗೆ ನೋಡುತ್ತಾ ಪೈರು ಎಷ್ಟು ಹಸಿರಾಗಿದೆ, ನೆಲದಲ್ಲಿ ತೇವ ಎಷ್ಟಿದೆ ಎಂದು ಗಂಟೆಗೊಮ್ಮೆ ಗುರುತು ಹಾಕಿಕೊಳ್ಳುತ್ತಿತ್ತು. ಮಣ್ಣು ಅಗೆಯುವುದಿಲ್ಲ, ಗಿಡ ಕೀಳುವುದಿಲ್ಲ. ಪ್ರತಿ ಗುರುವಾರ ಬಸ್ಸಿನಲ್ಲಿ ಹೋಗಿ ಆ ಅಂಕಿಗಳನ್ನು ಇಳಿಸಿಕೊಂಡು ಬೆಂಗಳೂರಿನ ಸಾಹೇಬರಿಗೆ ಕಳಿಸುವುದು ನನ್ನ ಕೆಲಸ. ಸುಗ್ಗಿಗೆ ಮೊದಲು ಹೊಲದ ಯಜಮಾನಿ ಮುಂದಿನ ವರ್ಷದ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರೆ ನನ್ನ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಮನೆಗೆ ಹೋಗಬಹುದು ಎಂದು ಸಾಹೇಬರು ಮೊದಲೇ ಹೇಳಿದ್ದರು.

ಯಜಮಾನಿ ಅರವತ್ತು ದಾಟಿದ ಗಟ್ಟಿ ಹೆಂಗಸು. ಕಂಬ ನೆಟ್ಟ ದಿನ ಸೊಂಟದ ಮೇಲೆ ಕೈಯಿಟ್ಟು ಕೇಳಿದರು.

“ಇದೇನ್ ಮಾಡ್ತದಪ್ಪ?”

“ಏನೂ ಮಾಡಲ್ಲಮ್ಮ. ಪೈರನ್ನ ಮುಟ್ಟೋದೂ ಇಲ್ಲ. ಬರೀ ನೋಡುತ್ತೆ. ಹಗಲೂ ರಾತ್ರಿ ಎವೆಯಿಕ್ಕದೆ ನೋಡುತ್ತೆ!”

ಆಯಮ್ಮನ ಮುಖ ಕಪ್ಪಿಟ್ಟಿತು. “ಮುಟ್ಟುದ್ರೆ ಚಿಂತಿಲ್ಲ ಕಣಪ್ಪ. ಹಿಂಗೆ ದಿಟ್ಟುಸ್ಕಂಡ್ ನೋಡುದ್ರೆ ಪೈರು ಉಳೀತದಾ?”

ನಾನು ಹೋ ಎಂದು ನಕ್ಕೆ. ಓದಿದವನಲ್ಲವೇ!

ಮೂರು ವಾರ ಎಲ್ಲ ಸರಿಯಿತ್ತು. ನಾಲ್ಕನೇ ವಾರದ ಅಂಕಿ ಇಳಿಸಿಕೊಂಡು ನೋಡಿದರೆ, ಹಸಿರು ಇಲ್ಲವೇ ಇಲ್ಲ, ತೇವ ಸೊನ್ನೆ. ಪೆಟ್ಟಿಗೆಯ ಪ್ರಕಾರ ಜಾವಗಲ್ ಮರುಭೂಮಿಯಾಗಿತ್ತು. ನನ್ನ ಕಣ್ಣೆದುರಿಗೆ ನೋಡಿದರೆ ರಾಗಿ ಮೊಣಕಾಲುದ್ದ ಬೆಳೆದು ತೊನೆಯುತ್ತಿತ್ತು. ಬ್ಯಾಟರಿ ಬದಲಾಯಿಸಿದೆ, ಗಾಜು ಒರೆಸಿದೆ, ಕೊನೆಗೆ ಪೆಟ್ಟಿಗೆಯ ತಲೆಗೆ ಎರಡೇಟು ತಟ್ಟಿಯೂ ನೋಡಿದೆ. ಮುಂದಿನ ವಾರವೂ ಅದೇ ಕಥೆ.

ಸಾಹೇಬರು ಫೋನ್ ಮಾಡಿದರು. “ಏನ್ರೀ ಇದು? ವಾರವಿಡೀ ಬರಡು ನೆಲ. ಗುರುವಾರ ಹತ್ತರಿಂದ ಒಂದರವರೆಗೆ ಮಾತ್ರ ಹಚ್ಚಹಸಿರು. ನೀವು ಬಂದಿದ್ದೀರಿ ಅಂತ ಪೈರು ಚಿಗುರುತ್ತಾ? ಏನು ಕೈಚಳಕ ಮಾಡ್ತಾ ಇದ್ದೀರಿ?”

ನನಗೆ ಮೈಯೆಲ್ಲ ಉರಿದುಹೋಯಿತು. ಕಳ್ಳತನ ಮಾಡದೆಯೇ ಕಳ್ಳನಾಗಿದ್ದೆ. ಸಾಹೇಬರು ಮುಂದಿನ ವಾರ ತಾವೇ ಬರುವುದಾಗಿ ಹೇಳಿ ಫೋನ್ ಕುಕ್ಕಿದರು.

ಆ ಭಾನುವಾರ ಬೇಲೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶ ಇತ್ತು. ಒಬ್ಬಟ್ಟನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಅಲ್ಲಿಂದ ಹಳೇಬೀಡಿನ ಮೇಲೆ ಹಾದು ಬರುವ ಬಸ್ಸು ಹತ್ತಿ ಹೊಲದ ಹತ್ತಿರವೇ ಇಳಿದೆ. ಭಾನುವಾರ, ಅದೂ ಆ ಕಡೆಯಿಂದ ನಾನು ಬರುತ್ತೇನೆಂದು ಯಾರಿಗೂ ಗೊತ್ತಿರಲಿಲ್ಲ.

ನೋಡಿದರೆ, ಪೆಟ್ಟಿಗೆಯ ಕೆಳಗೆ ತೆಂಗಿನ ಹಗ್ಗದಲ್ಲಿ ಒಂದು ಮಸಿ ಮಡಕೆ ನೇತಾಡುತ್ತಿದೆ! ಮೈತುಂಬ ಸುಣ್ಣದ ಬೊಟ್ಟು, ಎರಡು ಗುಡ್ಡೆಗಣ್ಣು, ಹುರಿಮೀಸೆ. ನನ್ನ ಪೆಟ್ಟಿಗೆ ವಾರಗಟ್ಟಲೆ ಆ ಮೀಸೆಯವನನ್ನೇ ನೋಡುತ್ತಾ, ಅವನು ಎಷ್ಟು ಬೆಳೆದ, ಎಷ್ಟು ಹಸಿರಾದ ಎಂದು ಗಂಟೆಗೊಮ್ಮೆ ವರದಿ ಕೊಡುತ್ತಿತ್ತು.

ಕಳೆ ಕೀಳುತ್ತಿದ್ದ ಯಜಮಾನಿ ತಲೆಯೆತ್ತಿ ನನ್ನನ್ನು ಕಂಡು ನಾಲಿಗೆ ಕಚ್ಚಿಕೊಂಡರು.

“ಇವತ್ತು ಬ್ಯಾಸ್ತವಾರ ಅಲ್ವಲ್ಲಪ್ಪ?”

“ಯಾರಮ್ಮ ಇದನ್ನ ಕಟ್ಟಿದ್ದು?”

“ನಾನೇಯ. ಪೈರಿಗೆ ದೃಷ್ಟಿ ಆಗ್ಬಾರ್ದಲ್ಲ. ನೀನು ಬೇಜಾರ್ ಮಾಡ್ಕತೀಯ ಅಂತ ನೀನ್ ಬರೋ ಹೊತ್ಗೆ ಇಳ್ಸಿ ಮಡಗ್ತಿದ್ದೆ.”

ನನ್ನ ತಲೆ ಕೆಟ್ಟುಹೋಯಿತು. “ಬುದ್ಧಿ ಇದೆಯೇನಮ್ಮ ನಿಮಗೆ? ನಿಮ್ಮ ಮಡಕೆಯಿಂದ ನನ್ನ ಕೆಲಸ ಹೋಗ್ತಾ ಇದೆ!” ಎಂದು ಪಕ್ಕದ ಹೊಲದವರಿಗೆಲ್ಲ ಕೇಳುವಂತೆ ಕೂಗಾಡಿದೆ. ಆಯಮ್ಮ ಮಡಕೆ ಬಿಚ್ಚಿ ಸೊಂಟಕ್ಕಿಟ್ಟುಕೊಂಡು ಮನೆ ಕಡೆ ನಡೆದುಬಿಟ್ಟರು. ವಾಪಸ್ ಬಸ್ಸಿನಲ್ಲಿ ಕೂತ ಮೇಲೆ ನನಗೆ ಹೊಳೆಯಿತು, ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಕಾದವರು ಅವರೇ. ಅಯ್ಯೋ, ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಗುರುವಾರ ಸಾಹೇಬರು ಜೀಪಿನಲ್ಲಿ ಬಂದರು. ನಾನು ಹೊಲದ ಬದುವಿನಲ್ಲೇ ಮಡಕೆಯ ವಿಷಯ ಎಲ್ಲ ಒಪ್ಪಿಸಿದೆ. ಅವರು ಮೊದಲು ಕೆಂಪಗಾದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿದ ಮೇಲೆ ಯಜಮಾನಿಯ ಮನೆ ಜಗಲಿಯಲ್ಲಿ ಕೂತು ಕಾಗದ, ಮಸಿ ಡಬ್ಬಿ ತೆಗೆದು, “ಮುಂದಿನ ವರ್ಷಕ್ಕೂ ಒಪ್ಪಿಗೆ ತಾನೇ ಅಮ್ಮ?” ಎಂದರು.

“ಪೆಟ್ಟಿಗೆ ಇರ್ಲಿ ಸ್ವಾಮಿ. ಮಡಕೇನ ಅತ್ಲಾಗೆ ಬದಿಗೆ ಕಟ್ಕತೀನಿ, ಪೆಟ್ಟಿಗೆ ದೃಷ್ಟಿಗೆ ಅಷ್ಟ್ ಸಾಕು. ನಂಗೆ ಭಯ ಇರಾದು ಈ ಹುಡ್ಗನ್ ಕಣ್ಣಿಂದು.”

ಮುಗಿಯಿತು ಅಂದುಕೊಂಡೆ. ಕೂಗಾಡಿದ್ದಕ್ಕೆ ಸರಿಯಾಗಿಯೇ ಸೇಡು ತೀರಿಸಿಕೊಳ್ಳುತ್ತಿದ್ದಾರೆ.

“ಇವನ ಕಣ್ಣಿಗೇನಾಗಿದೆ?” ಸಾಹೇಬರು ಕೇಳಿದರು.

“ಬೆಳಿಗ್ಗೆ ಬತ್ತಾನೆ, ಮದ್ಯಾನ್ದಗಂಟ ಬಿಸ್ಲಲ್ಲಿ ನಿಂತಿರ್ತಾನೆ. ಎಷ್ಟ್ ಕರುದ್ರೂ ಒಂದ್ ಲೋಟ ಮಜ್ಜಿಗೇನೂ ಮುಟ್ಟಾಕಿಲ್ಲ. ಹಸ್ಕಂಡಿರೋನ್ ಕಣ್ಣು ಪೈರಿನ್ ಮ್ಯಾಲೆ ಬೀಳ್ಬಾರ್ದು ಸ್ವಾಮಿ. ಬಂದಾಗೆಲ್ಲ ನಮ್ಮನೇಲಿ ಉಂಡು ಹೋಗಂಗಿದ್ರೆ ಒತ್ತೀನಿ. ಇಲ್ದಿದ್ರೆ ಇಲ್ಲ.”

ನಿಜ. ರೈತರ ಮನೆಯಲ್ಲಿ ಏನೂ ತೆಗೆದುಕೊಳ್ಳಬಾರದು ಎಂಬ ನಿಯಮವನ್ನು ನಾನು ಶಿಸ್ತಿನ ಸಿಪಾಯಿಯ ಹಾಗೆ ಪಾಲಿಸುತ್ತಿದ್ದೆ. ಸಾಹೇಬರು ನನ್ನ ಕಡೆ ತಿರುಗಿ, “ಇನ್ನೇನ್ರೀ ನೋಡ್ತೀರಿ, ಕೂತ್ಕೊಳ್ಳಿ ಊಟಕ್ಕೆ!” ಎಂದು ಗದರಿದರು.

ತಟ್ಟೆಯಲ್ಲಿ ಮುದ್ದೆ, ಹುರುಳಿ ಸಾರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. “ಅವತ್ತು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ತಪ್ಪಾಯ್ತಮ್ಮ” ಎಂದೆ.

“ಹೊಟ್ಟೆ ಹಸ್ದಿತ್ತು, ಅಂದೆ. ಉಣ್ಣು ಉಣ್ಣು” ಎಂದು ಇನ್ನೊಂದು ಮುದ್ದೆ ಹಾಕಿದರು. ಕೈ ತೊಳೆದು ಬಂದು ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡರು. ಹಚ್ಚಿಕೊಂಡವರು ಕಾಗದಕ್ಕೆ ಒತ್ತಲಿಲ್ಲ. ಬೆರಳನ್ನು ಹಾಗೇ ಎತ್ತಿ ಹಿಡಿದು, ನಾನು ಎರಡನೇ ಮುದ್ದೆ ಪೂರ್ತಿ ಮುಗಿಸುವವರೆಗೆ ಎದುರಿಗೆ ಕೂತು ನನ್ನನ್ನೇ ನೋಡುತ್ತಿದ್ದರು.