ಇಲ್ಲ ಎನ್ನುವ ಮೊದಲು

ನಮ್ಮ ಮೇಡಂ ಅವರ ಎಡಗಿವಿ ಆಫೀಸಿನಲ್ಲಿ ಯಾವಾಗಲೂ ಬರಿದಾಗಿರುತ್ತಿತ್ತು. ಫೋನು ಹಿಡಿದರೆ ಒತ್ತುತ್ತದೆಂದು, ಬೆಳಿಗ್ಗೆ ಬಂದವರೇ ಆ ಕಿವಿಯ ಓಲೆ ಬಿಚ್ಚಿ ಮೇಜಿನ ಮೇಲಿನ ಸ್ಟೀಲ್ ಬಟ್ಟಲಿಗೆ ಹಾಕುತ್ತಿದ್ದರು. ಹಣೆಯ ಮೇಲೆ ತೆಳ್ಳಗೆ ವಿಭೂತಿ, ಒಂದೇ ಕಿವಿಯಲ್ಲಿ ಕೆಂಪು ಹರಳು. ಹೊಸಬರು ಇನ್ನೊಂದು ಓಲೆ ಬಿದ್ದುಹೋಗಿದೆ ಎಂದುಕೊಂಡು ಕುರ್ಚಿಯ ಕೆಳಗೆ ಹುಡುಕಿದ್ದೂ ಉಂಟು.

ಪೆರುಂಗುಡಿಯಲ್ಲಿ ಆರೋಗ್ಯ ವಿಮೆಯ ಆಫೀಸು ನಮ್ಮದು. ಚಿಕಿತ್ಸೆಗೆ ಮೊದಲು ಆಸ್ಪತ್ರೆಯವರು ಒಪ್ಪಿಗೆ ಕೇಳುತ್ತಾರೆ. ಹೌದು ಅಥವಾ ಇಲ್ಲ ಎನ್ನುವುದು ನಮ್ಮ ಕೆಲಸ. ಮೇಡಂ ನಮ್ಮ ವಿಭಾಗದ ಮುಖ್ಯಸ್ಥೆ. ಅವರ ತಾತ ತುಮಕೂರಿನ ಕಡೆಯಿಂದ ಬಂದು ಪುರಸೈವಾಕ್ಕಂನಲ್ಲಿ ಪಾತ್ರೆ ಅಂಗಡಿ ಇಟ್ಟವರಂತೆ. ಹಾಗಾಗಿ ಅವರ ಕನ್ನಡದೊಳಗೆ ತಮಿಳು ಹೇಳದೆ ಕೇಳದೆ ಓಡಾಡುತ್ತಿತ್ತು. ಹಾಸನದಿಂದ ಬಂದ ನಾನು ಮೊದಮೊದಲು ನಗುತ್ತಿದ್ದೆ.

ಕಾಗದ ಓದಿ ತೀರ್ಮಾನ ಹೇಳುವ ಎಐ ಬಂದಾಗ ಅವರೊಂದು ನಿಯಮ ಮಾಡಿದರು. ಹೌದು ಎನ್ನುವುದನ್ನು ಯಂತ್ರವೇ ಹೇಳಲಿ. ಇಲ್ಲ ಎನ್ನಬೇಕಾದರೆ ಮಾತ್ರ ನಮ್ಮಲ್ಲೊಬ್ಬರು ಕಾಗದ ಓದಿ, ರೋಗಿಯ ಮನೆಗೆ ಫೋನು ಮಾಡಿ, ಬಾಯಿಬಿಟ್ಟು ಹೇಳಬೇಕು.

“ಚುಮ್ಮಾ ಬಟನ್ ಒತ್ತಿ ಇಲ್ಲ ಅನ್ಬಾರದಮ್ಮ. ಮೊದಲು ನಿನ್ ಹೆಸರು ಹೇಳು. ಆಮೇಲೆ ಕಡ್ಡಿ ಮುರಿದ ಹಾಗೆ ಹೇಳು. ಯಾಕೆ ಅಂತಾನೂ ಹೇಳು.”

“ಅವ್ರು ಬೈತಾರಲ್ಲ ಮೇಡಂ.”

“ಬೈಲಿ ಮಾ. ಬೈಯೋಕೆ ಅವರಿಗೂ ಒಬ್ರು ಬೇಕಲ್ಲ.”

ಕೆಲಸ ನಿಧಾನವಾಯಿತು. ಇಲ್ಲ ಎನ್ನುವುದನ್ನೂ ಯಂತ್ರವೇ ಮೆಸೇಜು ಮಾಡಲಿ ಎಂದು ಮೇಲಿನವರು ಪಟ್ಟು ಹಿಡಿದರು. ಅದೇ ಸಮಯಕ್ಕೆ ತಿರುವೊಟ್ಟಿಯೂರಿನ ಮೀನುಗಾರನೊಬ್ಬನ ಹೃದಯದ ಆಪರೇಷನ್ ನನ್ನ ಮೇಜಿಗೆ ಬಂತು. ಹಳೆಯ ಕಾಯಿಲೆ ಮುಚ್ಚಿಟ್ಟಿದ್ದಾನೆ, ಆದ್ದರಿಂದ ಇಲ್ಲ ಎಂದಿತ್ತು ಯಂತ್ರ. ಕಾಗದಗಳ ನಡುವೆ ಡಾಕ್ಟರರ ಹಳೆಯ ಚೀಟಿಯಿತ್ತು, ಅದರ ಮೇಲೆ ಅವನದೇ ಹೆಸರಿತ್ತು. ನನಗೂ ಸರಿಯೆನಿಸಿತು. ಫೋನು ಮಾಡಿ, ನನ್ನ ಹೆಸರು ಹೇಳಿ, ಕಾರಣ ಹೇಳಿದೆ. ಅವನ ಹೆಂಡತಿ, “ಅದು ತಾತಾ ಚೀಟ್ಟುಮ್ಮಾ. ತಾತಾ ಪೇರ್‌ದಾನ್ ಇವರುಕ್ಕುಂ” ಎಂದಳು. ಚೀಟಿ ತಾತನದಂತೆ, ಇವನಿಗೂ ಅದೇ ಹೆಸರಂತೆ. ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮ ಮನೆಯಲ್ಲೂ ಉಂಟು. ನನ್ನ ತಮ್ಮನಿಗೆ ಇಟ್ಟಿರುವುದೂ ಹಾಗೆಯೇ. ಸಂಜೆಯೊಳಗೆ ಒಪ್ಪಿಗೆ ಹೋಯಿತು.

ಮೀಟಿಂಗಿನಲ್ಲಿ ಮೇಲಿನವರು ತಪ್ಪನ್ನು ಯಂತ್ರದ ತಲೆಗೆ ಕಟ್ಟಿದರು. “ಕುಣೀಲಾರದವಳು ನೆಲ ಡೊಂಕು ಅಂದಳಂತೆ” ಎಂದು ಮೇಡಂ ನನಗಷ್ಟೇ ಕೇಳುವಂತೆ ಗೊಣಗಿದರು. ಆಮೇಲೆ ಮೇಡಂ ಮೇಲಿನವರಿಗೆ, ಯಂತ್ರವನ್ನು ಕೆಲಸಕ್ಕೆ ಹಚ್ಚಿದವಳು ನಾನು, ತಪ್ಪು ನನ್ನ ಹೆಸರಿಗೇ ಇರಲಿ, ಫೋನಿನ ನಿಯಮವೂ ಇರಲಿ ಎಂದರು. ನಿಯಮ ಉಳಿಯಿತು. ಅವರಿಗೆ ಬರಬೇಕಿದ್ದ ಬಡ್ತಿ ಬೇರೆಯವರಿಗೆ ಹೋಯಿತು. ಇದು ಅನ್ಯಾಯ ಮೇಡಂ ಎಂದೆ. “ವಿಡು ಮಾ, ಊಟಕ್ಕೆ ಬಾ” ಎಂದರು, ಅಷ್ಟೆ.

ಕಳೆದ ತಿಂಗಳು ಒಂದು ಸೋಮವಾರ ಅವರು ಬರಲಿಲ್ಲ. ಬೆಳಿಗ್ಗೆ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ ಎಂದು ಅವರ ತಮ್ಮ ಫೋನಿನಲ್ಲಿ ಹೇಳಿದರು. ನನಗೆ ಅಳು ಬರಲಿಲ್ಲ. ಏನೂ ಆಗಲಿಲ್ಲ. ಎಸಿ ಜಾಸ್ತಿಯಿದೆ ಎನಿಸಿ, ಹೋಗಿ ಕಡಿಮೆ ಮಾಡಿ ಬಂದೆ. ಸ್ವಲ್ಪ ಹೊತ್ತಿಗೆ ಎಚ್‌ಆರ್‌ನವರು ಎಐ ಬರೆದ ಸಂತಾಪದ ಮೇಲ್ ಕಳಿಸಿದರು. ನಾನು ಒಮ್ಮೆ ನೋಡಿ ಬಟನ್ ಒತ್ತಿದರೆ ಇಡೀ ಆಫೀಸಿಗೆ ಹೋಗುತ್ತದೆ. ತುಂಬಲಾರದ ನಷ್ಟ ಎಂದಿತ್ತು. ಒಂದು ತಪ್ಪೂ ಇರಲಿಲ್ಲ. ಅವರ ಮೇಜಿನ ಮೇಲೆ ಬಟ್ಟಲು ಖಾಲಿಯಿತ್ತು.

ನಾನು ಬಟನ್ ಒತ್ತಲಿಲ್ಲ. ಎದ್ದು ಬಾಗಿಲ ಬಳಿಯ ಮೊದಲ ಮೇಜಿಗೆ ಹೋದೆ. ಅಲ್ಲಿ ಕೂತಿದ್ದವಳು ವರ್ಷಗಳಿಂದ ನನ್ನ ಜೊತೆಯಲ್ಲೇ ಊಟ ಮಾಡುವವಳು. ಅವಳಿಗೆ ಮೊದಲು ನನ್ನ ಹೆಸರು ಹೇಳಿದೆ. ಅವಳು ನಗಲಿಲ್ಲ, ಹೆಡ್‌ಸೆಟ್ ತೆಗೆದು ಕೆಳಗಿಟ್ಟಳು. ಮೇಡಂ ತೀರಿಕೊಂಡರು ಎಂದೆ. ಹೇಗೆ ಎಂದೂ ಹೇಳಿದೆ. ಆಮೇಲೆ ಪಕ್ಕದ ಮೇಜಿಗೆ ಹೋಗಿ, ಮತ್ತೆ ನನ್ನ ಹೆಸರು ಹೇಳಿದೆ.